ತಲೆಕೆಳಗಾದ ತೆಂಗಿನಮರ

ಎಂಟನೇ ಕ್ಲಾಸಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಸೇರಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ಪೆರಿಸ್ಕೋಪ್ ಮಾಡಿದ್ವಿ. ಉದ್ದನೆಯ ರಟ್ಟಿನ ಡಬ್ಬಿ, ಗಾಜಿನಂಗಡಿಯಿಂದ ತಂದ ಎರಡು ಕನ್ನಡಿ ಚೂರು, ಫೆವಿಕಾಲ್. ಅಷ್ಟೇ.

ಪುಸ್ತಕದಲ್ಲಿ ಹೇಳಿದ ಹಾಗೆ ಕನ್ನಡಿಗಳನ್ನ 45 ಡಿಗ್ರಿಗೇ ಅಂಟಿಸಿದ್ದೆ. ಆದ್ರೆ ಎರಡೂ ಕಿಂಡಿಗಳನ್ನ ಡಬ್ಬಿಯ ಒಂದೇ ಪಕ್ಕಕ್ಕೆ ಕೊರೆದುಬಿಟ್ಟಿದ್ದೆ. ಕಣ್ಣಿಟ್ಟು ನೋಡಿದ್ರೆ ಎದುರಿನ ಗೋಡೆ ಮಾಯ. ಬೆನ್ನ ಹಿಂದಿದ್ದ ತೆಂಗಿನಮರ ತಲೆಕೆಳಗಾಗಿ ನೇತಾಡ್ತಿದೆ! ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಜಾಮಿಟ್ರಿ ಬಾಕ್ಸ್ ತೆಗೆದು, ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಬೆಳಕಿನ ಗೆರೆ ಎಳೀತಾ ಕೂತ. ಪತನ ಕೋನ, ಪ್ರತಿಫಲನ ಕೋನ, ಮತ್ತೆ ಅದೇ. ಕತ್ತಲಾದ ಮೇಲೆ ಹೇಳಿದ: "ಕನ್ನಡಿ ಎರಡೂ ಸಮಾಂತರ ಇರ್ಬೇಕು ಕಣೋ."

ಪ್ರದರ್ಶನದ ದಿನ ತೀರ್ಪುಗಾರರು ಕೇಳಿದ್ರು: "ಕನ್ನಡಿಯಲ್ಲಿ ಅಕ್ಷರ ತಿರುಗಿ ಕಾಣುತ್ತೆ. ಇದರಲ್ಲಿ ಬೋರ್ಡು ಸರಿಯಾಗೇ ಓದಬಹುದಲ್ಲ, ಹೇಗೆ?" ನನ್ನ ಬಾಯಿ ಕಟ್ಟಿತು. ಹಿಂದಿನಿಂದ ಅವನು ಪಿಸುಗುಟ್ಟಿದ, "ಒಂದು ತಿರುಗಿಸಿದ್ದನ್ನ ಇನ್ನೊಂದು ವಾಪಸ್ ತಿರುಗಿಸುತ್ತೆ." ಅದನ್ನೇ ನಾನು ಜೋರಾಗಿ ಹೇಳಿದೆ. ಎರಡನೇ ಬಹುಮಾನ ಬಂತು. ಸರ್ಟಿಫಿಕೇಟಲ್ಲಿ ನನ್ನ ಹೆಸರೊಂದೇ; ಹೆಸರಿನ ಚೀಟಿ ಬರೆದುಕೊಟ್ಟವನೂ ನಾನೇ.

ಎಸ್ಸೆಸ್ಸೆಲ್ಸಿ ಆದ್ಮೇಲೆ ಅವನು ಅಪ್ಪನ ಗ್ಯಾರೇಜ್ ಸೇರಿದ.

ಹೋದ ಸೆಮ್‌ನ ಫಿಸಿಕ್ಸ್ ಲ್ಯಾಬಲ್ಲಿ ಲೇಸರ್ ಕಿರಣ ಸ್ಕ್ರೀನಿಗೆ ಬೀಳದೆ ಒದ್ದಾಡ್ತಿದ್ದಾಗ ಆ ಸೀಮೆಸುಣ್ಣದ ಗೆರೆ ನೆನಪಾಯ್ತು. ಸಂಜೆ ಫೋನ್ ಮಾಡಿದೆ.

"ಪೆರಿಸ್ಕೋಪ್ ಇನ್ನೂ ನಮ್ಮನೇಲೇ ಇದೆ ಮಾರಾಯ. ಪಕ್ಕದ್ಮನೆ ನಾಯಿ ನೋಡೋಕೆ ತಂಗಿ ಇಟ್ಕೊಂಡಿದಾಳೆ," ಅಂತ ನಕ್ಕ.

ಸರ್ಟಿಫಿಕೇಟ್ ವಿಷಯ ಅವತ್ತೂ ಎತ್ತೋಕಾಗ್ಲಿಲ್ಲ.