ಮೆಟ್ಟಿಲ ಕೆಳಗಿನ ಲ್ಯಾಂಬಿ

ಮೊನ್ನೆ ಮುಲುಂಡಿನಲ್ಲಿ ಕೆಂಪು ಡುಕಾಟಿಯೊಂದು ಗುಡುಗುತ್ತ ಹೋಯಿತು. “ಇಟಲಿಯ ಗಾಡಿ ಅಪ್ಪಾ!” ಎಂದ ಮಗ. ಇಟಲಿಯ ಕುಲದ್ದೊಂದು ನಮ್ಮ ಕಟ್ಟಡದ ಮೆಟ್ಟಿಲ ಕೆಳಗೂ ಇದೆಯಲ್ಲೋ ಎಂದೆ; ಅವನು ನಂಬಲಿಲ್ಲ.

ತೀರ್ಥರೂಪರ ಲ್ಯಾಂಬಿ ಅದು. ಮಿಲಾನಿನ ಇನೊಚೆಂಟಿ ಕಾರ್ಖಾನೆ 1947ರಲ್ಲಿ ಲ್ಯಾಂಬ್ರೆಟಾ ಸ್ಕೂಟರು ಹೊರತಂದಿತು; ಕಾರ್ಖಾನೆಯಿದ್ದ ಲ್ಯಾಂಬ್ರಾಟೆಯಿಂದ ಬಂದ ಹೆಸರು. ನಮ್ಮ ದೇಶದಲ್ಲಿ ಅದನ್ನು ತಯಾರಿಸಿದ್ದು ಇಲ್ಲೇ ಭಾಂಡುಪಿನ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ಮುಂದೆ ಅದೇ ಲ್ಯಾಂಬಿ ಆಯಿತು. 1971ರಲ್ಲಿ ಇಟಲಿಯಲ್ಲಿ ತಯಾರಿಕೆ ನಿಂತಾಗ ಅಲ್ಲಿಯ ಯಂತ್ರಗಳನ್ನು ನಮ್ಮ ಸರಕಾರವೇ ಕೊಂಡು ಲಖನೌಗೆ ತಂದಿತು. ತವರಿನಲ್ಲಿ ದೀಪ ಆರಿದ ಮೇಲೂ ಗಾಡಿ ಇಲ್ಲಿ ಓಡಿತು.

ವೆಸ್ಪಾಕ್ಕೆ ಎಂಜಿನ್ನು ಬಲಮಗ್ಗುಲಲ್ಲಿ, ಲ್ಯಾಂಬ್ರೆಟಾಕ್ಕೆ ನಟ್ಟನಡುವೆ. ಗುರುತ್ವಕೇಂದ್ರದ ಪಾಠವನ್ನು ನಾನು ಬಿ.ಎಸ್ಸಿ.ಗೆ ಮೊದಲೇ ಕಲಿತದ್ದು ಅದರ ಮುಂದುಗಡೆ ನಿಂತು. ಹಿಂದೆ ಅಮ್ಮ, ಅವಳ ಮಡಿಲಲ್ಲಿ ತಂಗಿ, ಜೊತೆಗೆ ಮಾಟುಂಗಾದಿಂದ ತಂದ ತರಕಾರಿ ಚೀಲ. ಒಮ್ಮೆಯೂ ಬೀಳಲಿಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷ. ಆಯುಧಪೂಜೆಗೆ ಅಮ್ಮ ಇಂದಿಗೂ ಅದಕ್ಕೆ ಕುಂಕುಮ ಹಚ್ಚುತ್ತಾಳೆ. ಈಗ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರಂತೆ; ದೀಪಾವಳಿಯೊಳಗೆ ಮನೆ ಬಿಡಬೇಕು. ಗೊತ್ತುಮಾಡಿರುವ ಬಾಡಿಗೆ ಮನೆ ಮೂರನೆಯ ಮಾಳಿಗೆಯಲ್ಲಿ, ಕೆಳಗೆ ಗಾಡಿಗೆ ಜಾಗವಿಲ್ಲ. ಗುಜರಿಯವನು ಎರಡು ಸಲ ಬಂದು ನೋಡಿಹೋದ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ.