ರೆಪೊ ಮುಚ್ಚಬೇಡಿ



ನಿಮ್ಮ ಪತ್ರ ಓದಿ ಕಸಿವಿಸಿಯಾಯಿತು. ಕನ್ನಡದ ಕಾಗುಣಿತ ತಿದ್ದುವ ಪುಟ್ಟ ತಂತ್ರಾಂಶವನ್ನು ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಗಿಟ್‌ಹಬ್‌ನಲ್ಲಿ ತೆರೆದಿಟ್ಟವರು ನೀವು. ಈಗ ದಿನಾ ಬೆಳಿಗ್ಗೆ ತಲೆಬುಡವಿಲ್ಲದ ಪುಲ್ ರಿಕ್ವೆಸ್ಟ್‌ಗಳನ್ನು ಗುಡಿಸಿಹಾಕುವುದೇ ಕೆಲಸವಾಗಿದೆ, ರೆಪೊವನ್ನೇ ಮುಚ್ಚಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮುಚ್ಚಬೇಡಿ.

ಇದು ನಿಮ್ಮೊಬ್ಬರ ಪಾಡಲ್ಲ. ಡಿಜಿಟಲ್‌ಓಶನ್ ಕಂಪನಿ 2014ರಿಂದ ನಡೆಸಿಕೊಂಡು ಬಂದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ತಂತ್ರಾಂಶ ಅಭಿಯಾನದಲ್ಲಿ, 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ರೀಡ್‌ಮಿ ಕಡತಕ್ಕೆ ಒಂದೆರಡು ಹೊಗಳಿಕೆಯ ಪದ ಸೇರಿಸಿ 'ಇಂಪ್ರೂವ್ ಡಾಕ್ಸ್' ಎಂಬ ತಲೆಬರಹದಲ್ಲಿ ಕಳಿಸಿದರೂ ಸಾಕು ಎಂಬಂತೆ ನಮ್ಮ ದೇಶದ್ದೇ ಒಂದು ಯೂಟ್ಯೂಬ್ ವಿಡಿಯೊ ತೋರಿಸಿಕೊಟ್ಟಿತು. ನೋಡಿದವರು ಹಾಗೆಯೇ ಮಾಡಿದರು. ಎಚ್‌ಟಿಎಂಎಲ್‌ನ ನಿಯಮಗಳನ್ನು ಬರೆದಿಡುವ ರೆಪೊಗೂ ಅಂಥ ರಿಕ್ವೆಸ್ಟ್‌ಗಳು ಬಂದು ಬಿದ್ದವು. ಅಕ್ಟೋಬರ್ ಮೊದಲ ವಾರದಲ್ಲೇ ಆಯೋಜಕರು ನಿಯಮ ಬದಲಿಸಿ, ತಾವಾಗಿ ಒಪ್ಪಿ ಹೆಸರು ಕೊಟ್ಟ ರೆಪೊಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರು. 2023ರಲ್ಲಿ ಟೀ ಶರ್ಟ್ ಬದಲು ಡಿಜಿಟಲ್ ಬ್ಯಾಡ್ಜ್ ಬಂತು.

ಬಹುಮಾನದ ಆಸೆಯೇ ಇದಕ್ಕೆಲ್ಲ ಮೂಲ ಎಂದುಕೊಂಡರೆ 2024ರ ಎಕ್ಸ್‌ಪ್ರೆಸ್ ಪ್ರಕರಣ ಅರ್ಥವಾಗುವುದಿಲ್ಲ. ನೋಡ್ ಬಳಸುವ ಅಸಂಖ್ಯ ಜಾಲತಾಣಗಳು ಎಕ್ಸ್‌ಪ್ರೆಸ್ ಎಂಬ ತಂತ್ರಾಂಶ ಚೌಕಟ್ಟಿನ ಮೇಲೆ ನಿಂತಿವೆ. ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸಲು ಕೋರಿ ಪುಲ್ ರಿಕ್ವೆಸ್ಟ್‌ಗಳು ಸಾಲುಗಟ್ಟಿದವು. ಅಲ್ಲಿ ಯಾವ ಬಹುಮಾನವೂ ಇರಲಿಲ್ಲ. ಗಿಟ್ ಕಲಿಸುವ ಪಾಠವೊಂದು ಆ ರೆಪೊವನ್ನೇ ಉದಾಹರಣೆಗೆ ತೆಗೆದುಕೊಂಡಿತ್ತು, ಅಷ್ಟೆ. ಆಚೆ ಬದಿಯಲ್ಲಿ ಸಂಬಳವಿಲ್ಲದೆ ದುಡಿಯುವ ಜೀವಗಳಿವೆ ಎಂದು ಆ ಪಾಠ ಕಲಿತ ಹುಡುಗರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಮಗೆ ಬರುತ್ತಿರುವುದರಲ್ಲೂ ಹೆಚ್ಚಿನವು ಇಂಥವೇ ಎಂದು ನನಗನ್ನಿಸುತ್ತದೆ. ಹಾಗಾಗಿ ಸಿಟ್ಟಿನ ಉತ್ತರ ಬರೆಯಬೇಡಿ. ಅಭ್ಯಾಸಕ್ಕೆ ಸ್ವಂತ ರೆಪೊ ತೆರೆದುಕೊಳ್ಳಿ ಎನ್ನುವ ಎರಡು ಸಾಲು ಸಿದ್ಧವಿಟ್ಟುಕೊಂಡು, ಅದನ್ನೇ ಅಂಟಿಸಿ, 'ಸ್ಪ್ಯಾಮ್' ಲೇಬಲ್ ಹಚ್ಚಿ ಮುಚ್ಚಿಬಿಡಿ. ವಾದಕ್ಕಿಳಿದರೆ ಇಡೀ ಸಂಜೆ ಹೋಗುತ್ತದೆ.

ಪ್ರವಾಹವೇ ಬಂದರೆ ಸೆಟ್ಟಿಂಗ್ಸ್‌ನಲ್ಲಿ 'ಇಂಟರ್‌ಆಕ್ಷನ್ ಲಿಮಿಟ್ಸ್' ಇದೆ. ಈ ಮೊದಲು ಕೊಡುಗೆ ಕೊಟ್ಟವರಿಗಷ್ಟೇ ಅವಕಾಶ ಎಂದು 24 ಗಂಟೆಯಿಂದ ಆರು ತಿಂಗಳವರೆಗೆ ಮಿತಿ ಹಾಕಬಹುದು. ಆರು ತಿಂಗಳು ಬೇಡ. ಒಂದು ದಿನ, ಹೆಚ್ಚೆಂದರೆ ಮೂರು ದಿನ ಹಾಕಿ ನೋಡಿ. ಅಷ್ಟರಲ್ಲಿ ಅಬ್ಬರ ಇಳಿಯಬಹುದು, ಹೊಸಬರಿಗೆ ಬಾಗಿಲೂ ಬಹಳ ಕಾಲ ಮುಚ್ಚಿರುವುದಿಲ್ಲ.

ಒಂದು ಬಗೆಯ ಸ್ಪ್ಯಾಮ್‌ಗೆ ಮಾತ್ರ ದಾಕ್ಷಿಣ್ಯ ತೋರಬೇಡಿ. 2024ರ ಆಗಸ್ಟ್‌ನಲ್ಲಿ ಹಲವು ರೆಪೊಗಳ ಇಶ್ಯೂಗಳಡಿ 'ಪರಿಹಾರ ಇಲ್ಲಿದೆ, ಇಳಿಸಿಕೊಳ್ಳಿ' ಎಂಬ ಉತ್ತರಗಳು ಕಾಣಿಸಿಕೊಂಡವು. ಕೊಂಡಿಯಲ್ಲಿದ್ದ ಪಾಸ್‌ವರ್ಡ್ ಹಾಕಿದ ಕಡತದೊಳಗೆ ಲುಮಾ ಸ್ಟೀಲರ್ ಎಂಬ, ಗುಪ್ತಪದಗಳನ್ನು ಕದಿಯುವ ಕುತಂತ್ರಾಂಶವಿತ್ತು. ಇಂಥದ್ದು ಕಂಡ ಕೂಡಲೇ ಗಿಟ್‌ಹಬ್‌ಗೆ ದೂರು ಕೊಟ್ಟು ಅಳಿಸಿ. ಸಹಾಯ ಕೇಳಿ ಬಂದವರು ನಿಮ್ಮ ಅಂಗಳದಲ್ಲಿ ಮೋಸಹೋಗಬಾರದು. ಹಾಗೆಯೇ, ಮೊದಲ ಸಲ ಬಂದವರ ಪುಲ್ ರಿಕ್ವೆಸ್ಟ್‌ಗೆ ಆಕ್ಷನ್ಸ್ ಓಡಿಸಲು ನಿಮ್ಮ ಒಪ್ಪಿಗೆ ಕೇಳುತ್ತದಲ್ಲ, ಆ ಗುಂಡಿ ಒತ್ತುವ ಮುನ್ನ ಬದಲಾವಣೆಯನ್ನು ಪೂರ್ತಿ ಓದಿ. ಆಕ್ಷನ್ಸ್ ಓಡುವ ಪುಕ್ಕಟೆ ಸರ್ವರ್‌ಗಳಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವವರು ಹೆಚ್ಚಿದ್ದರಿಂದಲೇ 2021ರಲ್ಲಿ ಈ ತಡೆ ಬಂದದ್ದು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಮಾತಿದೆ: ಆ ರಾಶಿಯಲ್ಲಿ ಯಾರೋ ಅರ್ಕಾವೊತ್ತಿನ ದೋಷವೊಂದನ್ನು ಸರಿಯಾಗಿ ತಿದ್ದಿ ಕಳಿಸಿದ್ದಾರೆ, ನೋಡಲು ಪುರುಸೊತ್ತಾಗಿಲ್ಲ ಎಂದು. ಇವತ್ತು ಮಿಕ್ಕದ್ದೆಲ್ಲ ಬಿಟ್ಟು ಮೊದಲು ಅವರಿಗೆ ಉತ್ತರಿಸಿ. ಕೊಡುಗೆ ಕೊಡುವುದು ಹೇಗೆ ಎಂದು ತಿಳಿಸುವ ಕಡತ ನಿಮ್ಮಲ್ಲಿ ಇನ್ನೂ ಇಲ್ಲವಷ್ಟೆ. ಕನ್ನಡದಲ್ಲೇ ಒಂದು ಕರಡು ನಾನು ಬರೆದು ಈ ಭಾನುವಾರದೊಳಗೆ ಕಳಿಸುತ್ತೇನೆ, ತಿದ್ದಿ ಸೇರಿಸಿಕೊಳ್ಳಿ.

ಇಂತಿ ನಿಮ್ಮ ಗೆಳೆಯ