ಬಾಪನ ಮಂಜಿಗೆ ಹೊಸ ಹಾಯಿ

ಬಾಪ ನಮಗೆ ಚಿಕ್ಕಂದಿನಲ್ಲಿ ಮಾಡಿಕೊಟ್ಟಿದ್ದ ಮಂಜಿ ಅಟ್ಟದಲ್ಲಿತ್ತು. ಮಂಜಿಯೆಂದರೆ ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತು ಲಕ್ಷದ್ವೀಪದ ಕಡೆ ಹೋಗುವ ಮರದ ಹಡಗು. ಇಂಜಿನ್ ಬರುವ ಮೊದಲು ಅದು ಹಾಯಿಯ ಬಲದಲ್ಲೇ ಓಡುತ್ತಿತ್ತು. ಬಾಪ ಅದರಲ್ಲಿ ಖಲಾಸಿಯಾಗಿದ್ದರು. ಅಟ್ಟದಲ್ಲಿದ್ದದ್ದು ಮೊಳದುದ್ದದ ಮಂಜಿ. ಮರ ಗಟ್ಟಿಯಾಗಿಯೇ ಇತ್ತು, ಹಾಯಿಯನ್ನು ಮಾತ್ರ ಜಿರಲೆ ತಿಂದಿತ್ತು.

2024ರ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಬಾಪನ ಬಲಗೈ ಮತ್ತು ಮಾತು ಎರಡೂ ಹೋದವು. ದಿನವಿಡೀ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು. ಆ ಮಂಜಿಯನ್ನೊಮ್ಮೆ ನೀರಿಗಿಳಿಸಿ ಅವರಿಗೆ ತೋರಿಸಬೇಕೆಂದು ನಾವು ಅಣ್ಣತಮ್ಮಂದಿರು ನಿಶ್ಚಯಿಸಿದೆವು. ಅಂಗೈಯಗಲದ ಹಾಯಿ ಹೊಲಿಯುವುದೇನು ಮಹಾ ಕೆಲಸ ಎಂದುಕೊಂಡಿದ್ದೆವು.

ಮೊದಲು ಅಂಗಡಿಯ ಪ್ಲಾಸ್ಟಿಕ್ ಚೀಲ ಕತ್ತರಿಸಿದೆವು. ಗಾಳಿಗೆ ಒಮ್ಮೆ ಹಿಗ್ಗಿದ್ದು ಮತ್ತೆ ಕುಗ್ಗಲೇ ಇಲ್ಲ. ಆಮೇಲೆ ಪಾಪ್ಲಿನ್. ಅದು ನೀರು ಕುಡಿದು ಭಾರವಾಗಿ ಮಂಜಿಯನ್ನೇ ಮಗುಚಿತು. ಇದರಲ್ಲೊಂದು ಲೆಕ್ಕವಿದೆ. ದೋಣಿಯನ್ನು ಹತ್ತು ಪಟ್ಟು ಚಿಕ್ಕದು ಮಾಡಿದರೆ ಹಾಯಿಯ ವಿಸ್ತೀರ್ಣ ನೂರು ಪಟ್ಟು ಕುಗ್ಗುತ್ತದೆ, ದೋಣಿಯ ತೂಕ ಮಾತ್ರ ಸಾವಿರ ಪಟ್ಟು. ಗಾಳಿ ಹಿಂದಿನಷ್ಟೇ! ಹಾಗಾಗಿ ಆಟದ ದೋಣಿಯ ಮೇಲ್ಭಾಗದಲ್ಲಿ ಒಂದೊಂದು ಗ್ರಾಮೂ ದುಬಾರಿ. ರೇಡಿಯೊ ನಿಯಂತ್ರಣದ ಪಂದ್ಯದ ದೋಣಿಗಳಿಗೆ ತೆಳು ಪಾಲಿಯೆಸ್ಟರ್ ಹಾಳೆಯನ್ನು ಬಳಸುತ್ತಾರೆ. ನಾವೂ ತರಿಸಿ ಹೊಲಿದೆವು. ಸೂಜಿ ಚುಚ್ಚಿದ ಸಾಲಿನಲ್ಲೇ ಅದು ಅಂಚೆಚೀಟಿಯಂತೆ ಹರಿಯಿತು. ಅದನ್ನು ಹೊಲಿಯಬಾರದು, ಟೇಪಿನಿಂದ ಅಂಟಿಸಬೇಕು ಎಂದು ಆಮೇಲೆ ತಿಳಿಯಿತು.

ಕೊನೆಗೆ ಉಮ್ಮನ ಹಳೆಯ ಕೊಡೆಯ ನೈಲಾನ್ ಬಟ್ಟೆ. ಹಗುರ, ನೀರು ಕುಡಿಯದು. ಆದರೆ ಹಾಯಿಯ ಹಿಂದಿನ ಅಂಚು ಜೋತುಬಿದ್ದು ಪಟಪಟ ಬಡಿಯುತ್ತಿತ್ತು. ಕಟ್ಟು ಬಿಗಿಮಾಡಿದೆವು, ಅಂಚು ಮಡಚಿ ಹೊಲಿದೆವು. ಪ್ರಯೋಜನವಾಗಲಿಲ್ಲ. ನಮ್ಮ ನಮ್ಮಲ್ಲೇ ಜಗಳ ಶುರುವಾಯಿತು.

ಬಾಪ ಎಡಗೈ ಚಾಚಿದರು. ಉಳಿದ ತುಂಡೊಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೂಲಿನ ಉದ್ದಕ್ಕೆ ಎಳೆದರು. ಅದು ಅಲುಗಲಿಲ್ಲ. ಮೂಲೆಯಿಂದ ಮೂಲೆಗೆ ಎಳೆದರು. ಬಟ್ಟೆ ರಬ್ಬರಿನಂತೆ ಹಿಗ್ಗಿತು. ಟೈಲರುಗಳು ಕ್ರಾಸ್ ಎನ್ನುವುದು ಇದನ್ನೇ. ಬಟ್ಟೆ ಉಳಿಸುವ ಆಸೆಯಲ್ಲಿ ನಾವು ಹಾಯಿಯ ಹಿಂದಿನ ಅಂಚನ್ನು ಕ್ರಾಸಿನಲ್ಲಿ ಕತ್ತರಿಸಿದ್ದೆವು. ಕಟ್ಟಿಲ್ಲದೆ ಗಾಳಿಗೆ ಬಿಟ್ಟಿರುವ ಆ ಅಂಚೇ ನೂಲಿನ ನೇರಕ್ಕಿರಬೇಕು. ಬಾಪ ಬೆರಳಿನಿಂದ ಅದನ್ನು ಎರಡು ಸಲ ಗೀರಿ ತೋರಿಸಿದರು. ಆಮೇಲೆ ಅಂಗೈಯನ್ನು ಸ್ವಲ್ಪ ಬೊಗಸೆಯಂತೆ ಬಾಗಿಸಿದರು. ಹಾಯಿ ಹಲಗೆಯಂತೆ ಚಪ್ಪಟೆಯಾಗಿರಬಾರದು, ಅದಕ್ಕೊಂದು ಹೊಟ್ಟೆ ಬೇಕು. ಮೂರು ಪಟ್ಟಿಗಳ ಅಂಚನ್ನು ಕೂದಲೆಳೆಯಷ್ಟು ಬಾಗಿಸಿ ಕತ್ತರಿಸಿ ಜೋಡಿಸಿದೆವು. ಹೊಟ್ಟೆ ತಾನಾಗಿ ಬಂತು.

ಡಿಸೆಂಬರಿನ ಒಂದು ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತಿಗೆ ಬಾಪನನ್ನು ಬೆಂಗ್ರೆಯ ಹೊಳೆಬದಿಗೆ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿದೆವು. ಮಂಜಿ ವಾಲಿತು, ಸಾವರಿಸಿಕೊಂಡು ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾವು ಬಾಪನ ಮುಖ ನೋಡಿದೆವು. ಅವರು ಹುಬ್ಬು ಗಂಟಿಕ್ಕಿ ಹಾಯಿಯನ್ನೇ ನೋಡುತ್ತಾ, ಎಡಗೈಯ ಎರಡು ಬೆರಳುಗಳನ್ನು ಮೆಲ್ಲನೆ ಬಿಡಿಸಿದರು. ಹಗ್ಗ ಬಿಗಿಯಾಯಿತು, ಸಡಿಲ ಬಿಡಿ ಎಂದು ಅರ್ಥ.

ನಾವು ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆವು.